ಎರಡು ಕಡೆಯ ಆಫರು

ಗಡಿಯಲ್ಲಿ ಇರುವವರಿಗೆ ಹಬ್ಬ ಜಾಸ್ತಿ. ಹಾಗಾಗಿ ಆಫರೂ ಜಾಸ್ತಿ. ತುಳುವರ ಸೋಣ ತಿಂಗಳು ಬಂತೆಂದರೆ ಕಾಸರಗೋಡಿನ ಗೋಡೆ ತುಂಬ ಮಲಯಾಳದಲ್ಲಿ ಓಣಂ ರಿಯಾಯಿತಿ. ಅದು ಮುಗಿದು ಉಸಿರು ಬಿಡುವಷ್ಟರಲ್ಲಿ ಮಂಗಳೂರಿನ ಅಂಗಡಿಗಳು ಕನ್ನಡದಲ್ಲಿ ದಸರಾ, ದೀಪಾವಳಿಗೆ ಕರೆಯುತ್ತವೆ. ಸೋಣಕ್ಕೆ ಮುಂಚಿನ ಆಟಿ ತಿಂಗಳಲ್ಲಿ ಹಿರಿಯರು ಹೊಸದೇನೂ ತರುತ್ತಿರಲಿಲ್ಲ. ಜನ ಬರುವುದಿಲ್ಲ ಎಂದೇ ಈಗ ಅದಕ್ಕೂ ಆಷಾಢ ಸೇಲ್! ಮಿಕ್ಸಿ ಕೆಟ್ಟಿರಬೇಕು ಅಂತಿಲ್ಲ. ಎಕ್ಸ್‌ಚೇಂಜ್ ಇದೆ ಅಂದಮೇಲೆ ಅದರ ಸದ್ದು ಯಾಕೋ ಸರಿಯಿಲ್ಲ ಅನ್ನಿಸತೊಡಗುತ್ತದೆ.

ಇದು ಕನ್ಸ್ಯೂಮರಿಸಂ, ಕೊಳ್ಳುಬಾಕತನ. ಮಜಾ ಏನೆಂದರೆ, ಕೊಳ್ಳುವವರ ಪರ ನಿಲ್ಲುವ ಚಳವಳಿಗೂ ಇಂಗ್ಲಿಷಿನಲ್ಲಿ ಇದೇ ಹೆಸರು. 1962ರ ಮಾರ್ಚ್ 15ರಂದು ಅಮೆರಿಕದ ಅಧ್ಯಕ್ಷ ಕೆನಡಿ ಗ್ರಾಹಕರಿಗೆ ನಾಲ್ಕು ಹಕ್ಕು ಇದೆ ಎಂದರು: ಸುರಕ್ಷತೆ, ಮಾಹಿತಿ, ಆಯ್ಕೆ, ನಮ್ಮ ಮಾತನ್ನು ಕೇಳಿಸಿಕೊಳ್ಳಬೇಕು ಎಂಬುದು. ನಮ್ಮಲ್ಲಿ ಗ್ರಾಹಕರ ಕಾನೂನು 1986ರಲ್ಲಿ ಬಂತು, 2019ರಲ್ಲಿ ಹೊಸದಾಯಿತು. ಐದು ಲಕ್ಷದೊಳಗಿನ ಖರೀದಿಯಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಶುಲ್ಕವೇ ಇಲ್ಲ. ಇನ್ನು ಈ ಪದಕ್ಕೆ ಜನ ಕೊಂಡಷ್ಟೂ ದೇಶಕ್ಕೆ ಒಳ್ಳೆಯದು ಎಂಬ ಅರ್ಥವೂ ಇದೆ. ಅದನ್ನು ಸೇಲ್ಸ್‌ನವರು ನಮಗಿಂತ ಚೆನ್ನಾಗಿ ನಂಬಿದ್ದಾರೆ.

ಈ ಅರ್ಥಗಳೆಲ್ಲ ಬೇರೆ ಬೇರೆ ಜನರಲ್ಲಿ ಇರುತ್ತವೆ ಅಂದುಕೊಳ್ಳಬೇಡಿ. ಕುಂಬಳೆ ಪೇಟೆಯಲ್ಲಿ ಎಂಆರ್‌ಪಿಗಿಂತ ಎರಡು ರೂಪಾಯಿ ಜಾಸ್ತಿ ಕೇಳಿದರೆ ಕಾನೂನು ಹೇಳಿ ಜಗಳಕ್ಕೆ ನಿಲ್ಲುವವರೇ, ಎರಡಕ್ಕೆ ಒಂದು ಫ್ರೀ ಎಂದರೆ ಬೇಡದ ಮೂರು ಅಂಗಿ ಹೊತ್ತು ತರುತ್ತಾರೆ. ಅಡಿಕೆಗೆ ರೇಟು ಬಂದ ವರ್ಷವಂತೂ ಕೇಳುವುದೇ ಬೇಡ.

ಇದರ ನಿಜವಾದ ಲೆಕ್ಕ ಇರುವುದು ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ, ಕೇರಳದ ಹರಿತ ಕರ್ಮ ಸೇನೆಯ ಅಕ್ಕಂದಿರ ಹತ್ತಿರ. ತಿಂಗಳಿಗೊಮ್ಮೆ ಬರುತ್ತಾರೆ. ತೊಳೆದು ಒಣಗಿಸಿದ ಪ್ಲಾಸ್ಟಿಕ್ ಜೊತೆ ತಿಂಗಳ ಶುಲ್ಕವನ್ನೂ ಕೊಡಬೇಕು. ಅಂದರೆ ತರಿಸಿಕೊಳ್ಳಲೂ ದುಡ್ಡು, ಸಾಗಹಾಕಲೂ ದುಡ್ಡು. 2020ರಲ್ಲಿ ಕೇರಳ ಅಂಗಡಿಯ ಪ್ಲಾಸ್ಟಿಕ್ ತೊಟ್ಟೆಯನ್ನೇನೋ ನಿಷೇಧಿಸಿತು. ಆದರೆ ಆನ್‌ಲೈನಿನಲ್ಲಿ ಬರುವ ಒಂದು ಅಂಗಿಗೆ ಮೂರು ಸುತ್ತು ಹೊದಿಕೆ, ಅಲ್ವಾ? ಯಾವ ಮನೆಗೆ ಏನು ಬಂತು ಎಂದು ಆ ಅಕ್ಕಂದಿರಿಗೆ ಚೀಲ ಎತ್ತಿದಾಗಲೇ ಗೊತ್ತಾಗುತ್ತದೆ. ಪಕ್ಕದ ಮನೆಯಲ್ಲಿ ಒಮ್ಮೆ, "ಹೊಸ ಫ್ರಿಜ್ಜಾ?" ಎಂದು ಕೇಳಿದರು.

"ಹಳೆಯದೂ ಉಂಟು," ಎಂದರು ಮನೆಯವರು. "ಅದು ಸುಮ್ನೆ ಹೊರಗೆ ಇಟ್ಟದ್ದು."