ಹಡಗಿನ ಬಾರಿನಲ್ಲಿ ವಸೂಲಿ ಲೆಕ್ಕ

ಕ್ರೂಸ್ ಟಿಕೆಟ್ ಮಾರುವವರು "ಎಲ್ಲ ಸೇರಿದೆ" ಅನ್ನುತ್ತಾರೆ. ಊಟ ಸೇರಿದೆ, ಕ್ಯಾಬಿನ್ ಸೇರಿದೆ, ರಾತ್ರಿಯ ಷೋ ಸೇರಿದೆ, ನಿಜ. ಬಾರಿನ ಬಿಲ್ಲು ಮಾತ್ರ ಸೇರಿಲ್ಲ. ಮುಂಬೈ, ಗೋವಾ, ಕೊಚ್ಚಿ, ಲಕ್ಷದ್ವೀಪ ಅಂತ ಸುತ್ತಿದ ಕಾರ್ಡೇಲಿಯಾ ಹಡಗಿನಲ್ಲೂ ಇದೇ ಕಥೆ, ಸಿಂಗಾಪುರದಿಂದ ಹೊರಡುವ ದೊಡ್ಡ ಹಡಗುಗಳಲ್ಲೂ ಇದೇ ಕಥೆ.

ಈಗ ನಮ್ಮ ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯಿಂದಲೂ ಜನ ಕ್ರೂಸಿಗೆ ಹೋಗುತ್ತಿದ್ದಾರೆ. ಅಡಿಕೆಗೆ ರೇಟು ಬಂದ ವರ್ಷ ಸ್ವಲ್ಪ ಜಾಸ್ತಿಯೇ. ಹೊರಡುವ ಮೊದಲು ಗಂಡಸರು ಗುಟ್ಟಾಗಿ ಕೇಳುವ ಪ್ರಶ್ನೆ ಒಂದೇ: "ಡ್ರಿಂಕ್ಸ್ ಪ್ಯಾಕೇಜ್ ತಗೊಳ್ಳುವುದಾ ಬೇಡವಾ ಮಾರಾಯ್ರೇ?" ದಿನಕ್ಕೆ ಇಷ್ಟು ಅಂತ ಒಟ್ಟಿಗೆ ದುಡ್ಡು ಕಟ್ಟಿ, ಗ್ಲಾಸಿಗೆ ಬೇರೆ ಬಿಲ್ಲಿಲ್ಲದೆ ಕುಡಿಯುವುದೇ ಈ ಪ್ಯಾಕೇಜ್. ನಮ್ಮ ಕಡೆಯ ಹೆಚ್ಚಿನ ಮನೆಯವರಿಗೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ರಾಯಲ್ ಕೆರಿಬಿಯನ್ ಎಂಬ ಕ್ರೂಸ್ ಕಂಪೆನಿಯ ಉದಾಹರಣೆ ತಗೊಳ್ಳಿ. ಪ್ಯಾಕೇಜಿನ ದರ ಹಡಗು ನೋಡಿ, ತಾರೀಕು ನೋಡಿ ಬದಲಾಗುತ್ತದೆ. ಲೆಕ್ಕಕ್ಕೆ ಬೇಕಾಗಿ ಒಬ್ಬರಿಗೆ ದಿನಕ್ಕೆ 80 ಡಾಲರ್ ಅಂತ ಹಿಡಿಯೋಣ. ಅದರ ಮೇಲೆ ಶೇ. 18 ಟಿಪ್ಸ್ ತಾನಾಗಿಯೇ ಸೇರುತ್ತದೆ. 94 ಡಾಲರ್ ಚಿಲ್ಲರೆ ಆಯಿತು. ಬಿಡಿಯಾಗಿ ಒಂದು ಕಾಕ್‌ಟೇಲ್ ತಗೊಂಡರೆ 14 ಡಾಲರ್ ಅಂತ ಇಟ್ಟುಕೊಳ್ಳಿ, ಟಿಪ್ಸ್ ಸೇರಿ ಹದಿನಾರೂವರೆ. ಅಂದರೆ ಪ್ಯಾಕೇಜಿಗೆ ಹಾಕಿದ ದುಡ್ಡು ಹುಟ್ಟಬೇಕಾದರೆ ದಿನಕ್ಕೆ ಆರು ಗ್ಲಾಸು ಕುಡಿಯಬೇಕು. ಅದೂ ಪ್ರತಿದಿನ. ಪ್ಯಾಕೇಜನ್ನು ಇಡೀ ಪ್ರಯಾಣಕ್ಕೇ ತಗೊಳ್ಳಬೇಕು. ಬೆಳಗ್ಗೆ ಬಂದರಿನಲ್ಲಿ ಇಳಿದು ಸಂಜೆವರೆಗೆ ಊರು ಸುತ್ತಿದ ದಿನಕ್ಕೂ ಮೀಟರ್ ಓಡುತ್ತಲೇ ಇರುತ್ತದೆ. ಮೇಲಿಂದ ಒಂದೊಂದು ಗ್ಲಾಸಿಗೂ ಬೆಲೆಯ ಮಿತಿ ಇದೆ. ಅದಕ್ಕಿಂತ ದುಬಾರಿಯ ಸಿಂಗಲ್ ಮಾಲ್ಟ್ ಕೇಳಿದರೆ ವ್ಯತ್ಯಾಸ ಕೈಯಿಂದ ಕೊಡಬೇಕು.

ಇಷ್ಟಾದರೂ ಪರವಾಗಿಲ್ಲ ಅನ್ನಬಹುದು. ನಮಗೆ ಪೆಟ್ಟು ಬೀಳುವುದು ಇನ್ನೊಂದು ನಿಯಮದಿಂದ. ಒಂದು ಕ್ಯಾಬಿನ್ನಿನಲ್ಲಿ ಒಬ್ಬರು ತಗೊಂಡರೆ ಅಲ್ಲಿರುವ, ಕುಡಿಯುವ ವಯಸ್ಸಾದ ಎಲ್ಲರೂ ತಗೊಳ್ಳಬೇಕು. ಕಾರ್ನಿವಲ್ ಕಂಪೆನಿಯವರದೂ ಇದೇ ಪದ್ಧತಿ. ಒಬ್ಬರ ಪ್ಯಾಕೇಜಿನಲ್ಲಿ ಇಬ್ಬರು ಕುಡಿದಾರು ಎಂಬ ಹೆದರಿಕೆ ಅವರಿಗೆ. ನಮ್ಮಲ್ಲಿ ಏನಾಗುತ್ತದೆ ನೋಡಿ. ಗಂಡ ಎರಡು ಪೆಗ್ಗಿನವನು, ಹೆಂಡತಿಗೆ ವಾಸನೆಯೇ ಆಗದು. ಇಬ್ಬರಿಗೂ ಸೇರಿ ದಿನಕ್ಕೆ ಸುಮಾರು 189 ಡಾಲರ್. ಅದನ್ನು ಅವನೊಬ್ಬನೇ ವಸೂಲು ಮಾಡಬೇಕಾದರೆ ದಿನಕ್ಕೆ ಹನ್ನೆರಡು ಗ್ಲಾಸು! ನಾಲ್ಕು ರಾತ್ರಿಗೆ 755 ಡಾಲರ್. ಡಾಲರಿಗೆ 85 ರೂಪಾಯಿ ಅಂತ ಹಿಡಿದರೂ 64 ಸಾವಿರ ದಾಟಿತು. ಆ ದುಡ್ಡಿಗೆ ಊರಲ್ಲಿ ಒಂದು ಸಣ್ಣ ಕಾರ್ಯಕ್ರಮವೇ ಮುಗಿಯುತ್ತದೆ.

ಕಾಲೇಜಿಗೆ ಹೋಗುವ ಮಗ ಅದೇ ಕ್ಯಾಬಿನ್ನಿನಲ್ಲಿದ್ದರೆ ಇನ್ನೂ ತಮಾಷೆ. ಕೇರಳದ ಕಾನೂನಿನಲ್ಲಿ ಕುಡಿಯುವ ವಯಸ್ಸು 23. ಏಷ್ಯಾದಿಂದ ಹೊರಡುವ ರಾಯಲ್ ಕೆರಿಬಿಯನ್ ಹಡಗಿನಲ್ಲಿ 18. ಇಲ್ಲಿ ಒಂದು ಬಿಯರ್ ಕೊಳ್ಳಲಾಗದ ಹುಡುಗ ಅಲ್ಲಿ ಮೂರನೇ ಪ್ಯಾಕೇಜಿನ ಗಿರಾಕಿ! ಕುಡಿಯದವರಿಗೆ ಆರೋಗ್ಯದ ಕಾರಣ ಹೇಳಿ ಜ್ಯೂಸ್, ಸೋಡಾದ ಕಡಿಮೆ ಬೆಲೆಯ ಪ್ಯಾಕೇಜ್ ಸಾಕಾ ಅಂತ ಕೇಳಿ ನೋಡಬಹುದು. ಕೆಲವೊಮ್ಮೆ ಒಪ್ಪುತ್ತಾರೆ. ಬುಕ್ ಮಾಡುವಾಗಲೇ ಕೇಳಿ.

ನನ್ನ ಭಾವ ಇದಕ್ಕೆಲ್ಲ ಒಪ್ಪುವವರಲ್ಲ. "ಲೆಕ್ಕ ಹಾಕಿ ಕುಡಿಯುವುದಾದರೆ ಅದು ಎಂತ ರಜೆ ಭಾವಾ? ಪ್ಯಾಕೇಜ್ ಇದ್ದರೆ ತಲೆಬಿಸಿ ಇಲ್ಲ" ಅನ್ನುತ್ತಾರೆ. ಅವರ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಬೆಲೆ ನೋಡದೆ ಕೈ ತೋರಿಸುವ ಸುಖವೇ ಬೇರೆ. ಆದರೆ ಪ್ಯಾಕೇಜ್ ತಗೊಂಡವರು ಲೆಕ್ಕ ಬಿಡುತ್ತಾರಾ? ನಾನು ಕಂಡ ಹಾಗೆ ಬಿಡುವುದಿಲ್ಲ. "ಇವತ್ತು ನಾಲ್ಕೇ ಆಯ್ತಲ್ಲ" ಅಂತ ಮಲಗುವ ಹೊತ್ತಿಗೆ ಮತ್ತೆ ಬಾರಿಗೆ ಹೋಗುವವರೂ ಅವರೇ. ಹಡಗು ಓಲಾಡುವಾಗ ವಾಂತಿ ಮಾತ್ರೆ ನುಂಗಿ ಅದರ ಮೇಲೆ ವಸೂಲಿ ಪೆಗ್ಗು ಹಾಕುವವರೂ ಇದ್ದಾರೆ. ಅವೋಮಿನ್‌ನಂಥ ಮಾತ್ರೆಗೇ ಮಂಪರು ಬರುತ್ತದೆ, ಜೊತೆಗೆ ಮದ್ಯ ಸೇರಿದರೆ ಅಪಾಯ. ಮಾರನೇ ದಿನದ ಲಕ್ಷದ್ವೀಪ ಕ್ಯಾಬಿನ್ನಿನ ಕಿಟಕಿಯಲ್ಲಿ ಮಾತ್ರ! ಅಂದಹಾಗೆ ಲಕ್ಷದ್ವೀಪದಲ್ಲಿ ಬಂಗಾರಂ ಬಿಟ್ಟರೆ ಉಳಿದ ಕಡೆ ಪಾನನಿಷೇಧ. ಹಡಗಿನಿಂದ ಇಳಿಯುವಾಗ ಬ್ಯಾಗಿನಲ್ಲಿ ಬಾಟಲಿ ಇಟ್ಟುಕೊಳ್ಳಬೇಡಿ.

ಬಾಟಲಿ ಸಾಗಿಸುವ ವಿಷಯ ಬಂದರೆ ನಮ್ಮ ಗಡಿನಾಡಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕೇರಳದಲ್ಲಿ ಮದ್ಯದ ಮಾರಾಟ ತೆರಿಗೆ ಶೇ. 251ರವರೆಗೆ ಇದೆ. ಬೆವ್ಕೋ ಅನ್ನುವ ಸರಕಾರಿ ಮದ್ಯದಂಗಡಿಯ ಮುಂದೆ ಕ್ಯೂ. ತಿಂಗಳ ಒಂದನೇ ತಾರೀಕು ಡ್ರೈ ಡೇ. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಬೇರೆಯೇ ರೇಟು. ದಾಟಿ ಕುಡಿದು ಬರುವವರು ಇದ್ದಾರೆ, ತರಲು ಹೋಗಿ ಎಕ್ಸೈಸಿನವರ ಕೈಗೆ ಸಿಕ್ಕಿದವರೂ ಇದ್ದಾರೆ. ಇದೇ ಬುದ್ಧಿಯನ್ನು ಹಡಗಿಗೂ ತರುತ್ತಾರೆ. ಮೌತ್‌ವಾಶ್ ಬಾಟಲಿಯಲ್ಲಿ ರಮ್ ತುಂಬಿಸುವ ಉಪಾಯ ಹಡಗಿನ ಸಿಬ್ಬಂದಿಗೆ ಹಳೆಯದು. ಲಗೇಜೆಲ್ಲ ಎಕ್ಸ್‌ರೇ ಮಿಷನ್ ದಾಟಿಯೇ ಬರಬೇಕು. ಸಿಕ್ಕಿದರೆ ಬಾಟಲಿ ಹೋಯಿತು, ಮಾನವೂ ಹೋಯಿತು.

ನಿಯಮದ ಒಳಗೇ ಒಂದು ದಾರಿ ಇದೆ, ಅದನ್ನು ಉಪಯೋಗಿಸುವವರು ಕಡಿಮೆ. ರಾಯಲ್ ಕೆರಿಬಿಯನ್, ಕಾರ್ನಿವಲ್ ಎರಡರಲ್ಲೂ ಹತ್ತುವ ದಿನ ಕುಡಿಯುವ ವಯಸ್ಸಿನ ಒಬ್ಬೊಬ್ಬರು 750 ಮಿ.ಲೀ.ನ ಸೀಲ್ ಒಡೆಯದ ಒಂದು ವೈನ್ ಬಾಟಲಿ ಒಯ್ಯಬಹುದು. ಗಂಡ ಹೆಂಡತಿಗೆ ಎರಡು ಬಾಟಲಿ ಆಯಿತಲ್ಲ! ಕ್ಯಾಬಿನ್ನಿನಲ್ಲೇ ಕುಡಿಯಿರಿ. ಊಟದ ಹಾಲಿಗೆ ತಂದರೆ ಕಾರ್ಕೇಜ್, ಅಂದರೆ ಬಾಟಲಿ ತೆರೆದು ಕೊಡುವ ಶುಲ್ಕ, ಹಾಕಬಹುದು. ವಿಸ್ಕಿ, ರಮ್ ಒಯ್ಯುವ ಹಾಗಿಲ್ಲ. ದಾರಿಯ ಬಂದರಿನಲ್ಲಿ ಕೊಂಡ ಡ್ಯೂಟಿ ಫ್ರೀ ಬಾಟಲಿಯನ್ನು ಅವರು ತೆಗೆದಿಟ್ಟು ಪ್ರಯಾಣದ ಕೊನೆಗೆ ಕೊಡುತ್ತಾರೆ. ಭಾರತಕ್ಕೆ ತರಲು ಒಬ್ಬರಿಗೆ 2 ಲೀಟರ್ ವಿನಾಯಿತಿ ಇದೆ. ಹಾಗಾಗಿ ಮನೆಗೆ ಬೇಕಾದದ್ದನ್ನು ಅಲ್ಲಿ ಕೊಳ್ಳಿ, ಹಡಗಿನಲ್ಲಿ ಕುಡಿಯುವ ಆಸೆಯಿಂದ ಬೇಡ.

ಸಮುದ್ರದ ನಡುವೆ ಬೆವ್ಕೋ ತೆರಿಗೆ ಇಲ್ಲದಿದ್ದರೂ ಇಷ್ಟು ದುಬಾರಿ ಯಾಕೆ ಅಂತ ಕೆಲವರಿಗೆ ಸಿಟ್ಟು. ಅದು ಅವರ ವ್ಯಾಪಾರ ಸ್ವಾಮಿ. ದೊಡ್ಡ ಕ್ರೂಸ್ ಕಂಪೆನಿಗಳ ಆದಾಯದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಟಿಕೆಟ್ಟಿನದ್ದಲ್ಲ, ಹಡಗು ಹತ್ತಿದ ಮೇಲೆ ನಾವು ಮಾಡುವ ಖರ್ಚಿನದ್ದು. ಬಾರು, ಕ್ಯಾಸಿನೊ, ಸ್ಪಾ, ದಡಕ್ಕೆ ಇಳಿದು ಮಾಡುವ ಸುತ್ತಾಟ ಎಲ್ಲ ಅದರಲ್ಲಿ ಬಂತು. ಟಿಕೆಟ್ ಅಗ್ಗ ಅಂತ ಕಂಡರೆ ಉಳಿದದ್ದು ಎಲ್ಲಿಂದ ಬರುತ್ತದೆ ಅಂತ ಊಹಿಸಬಹುದು.

ನಾನಂತೂ ಬಿಡಿಯಾಗಿಯೇ ತಗೊಳ್ಳುವವನು. ಸಂಜೆ ಡೆಕ್ಕಿನಲ್ಲಿ ಒಂದು ಬಿಯರ್, ಊಟದ ಜೊತೆ ವೈನ್. ಬಾಟಲಿ ಪೂರ್ತಿ ತಗೊಂಡರೆ ಗ್ಲಾಸಿನ ಲೆಕ್ಕಕ್ಕಿಂತ ಕಡಿಮೆ ಬೀಳುತ್ತದೆ. ಉಳಿದದ್ದನ್ನು ಕ್ಯಾಬಿನ್ ನಂಬರ್ ಬರೆದು ನಾಳೆಗೆ ತೆಗೆದಿಡುತ್ತಾರೆ, ನಾಚಿಕೆ ಬಿಟ್ಟು ಹೇಳಬೇಕು ಅಷ್ಟೆ. ಅಲ್ಲಿ ನಗದು ನಡೆಯುವುದಿಲ್ಲ, ಎಲ್ಲ ಕ್ಯಾಬಿನ್ ಕಾರ್ಡಿಗೆ. ದುಡ್ಡು ಕೈಯಿಂದ ಹೋಗುವುದು ಕಾಣದಿದ್ದರೆ ಕೈ ತಾನಾಗಿ ಸಡಿಲ ಆಗುತ್ತದೆ, ಅಲ್ವಾ? ಅದಕ್ಕೆ ರಾತ್ರಿ ಮಲಗುವ ಮೊದಲು ಆಪ್‌ನಲ್ಲೋ ಕೌಂಟರಿನಲ್ಲೋ ಅವತ್ತಿನ ಬಿಲ್ ನೋಡಿಬಿಡಿ. ಬಾರಿನ ಚೀಟಿಯಲ್ಲಿ ಟಿಪ್ಸ್ ಬರೆಯಲು ಒಂದು ಗೆರೆ ಖಾಲಿ ಇರುತ್ತದೆ. ಶೇ. 18 ಆಗಲೇ ಸೇರಿದೆ, ನಮ್ಮವರು ಮರ್ಯಾದೆಗೆ ಅಂಜಿ ಮತ್ತೆ ಬರೆಯುತ್ತಾರೆ. ಕ್ರೆಡಿಟ್ ಕಾರ್ಡಿಗೆ ವಿದೇಶಿ ಕರೆನ್ಸಿಯ ಮಾರ್ಕಪ್ ಬೇರೆ ಇದೆ, ಹೆಚ್ಚಿನ ಬ್ಯಾಂಕುಗಳಲ್ಲಿ ಶೇ. 2ರಿಂದ 3.5. ಮಕ್ಕಳ ಕಾರ್ಡಿಗೆ ಖರ್ಚು ಹಾಕದ ಹಾಗೆ ಮೊದಲ ದಿನವೇ ಬಂದ್ ಮಾಡಿಸಿ.

ಗಂಡ ಹೆಂಡತಿ ಇಬ್ಬರೂ ಚೆನ್ನಾಗಿ ಕುಡಿಯುವವರು, ದಿನವಿಡೀ ಸ್ಪೆಷಲ್ ಕಾಫಿ, ಜ್ಯೂಸ್, ನೀರಿನ ಬಾಟಲಿ ಬೇಕಾದವರು ಪ್ಯಾಕೇಜ್ ತಗೊಳ್ಳಲಿ. ಹತ್ತುವ ಮೊದಲೇ ಆನ್‌ಲೈನಿನಲ್ಲಿ ತಗೊಂಡರೆ ಸಾಮಾನ್ಯವಾಗಿ ಅಗ್ಗ. ಗೆಳೆಯರ ಗುಂಪಾದರೆ ಕುಡಿಯುವವರನ್ನೆಲ್ಲ ಒಂದು ಕ್ಯಾಬಿನ್ನಿಗೆ, ಕುಡಿಯದವರನ್ನು ಇನ್ನೊಂದಕ್ಕೆ ಹಾಕಿ. ಗೊರಕೆ ಯಾರದ್ದು ಅಂತ ಆಮೇಲೆ ನೋಡಿಕೊಳ್ಳಬಹುದು. ಟಿಕೆಟ್ ಆದ ಮೇಲೆ ಹೆಸರು ಅದಲುಬದಲು ಮಾಡುವುದು ತಲೆಬಿಸಿಯ ಕೆಲಸ, ಏಜೆಂಟರಿಗೆ ಮೊದಲೇ ಹೇಳಿಡಿ.