ಸತ್ಯಾಂಶ: ರಷ್ಯನ್ ‘ನೆಬೊ’ ನಮ್ಮ ‘ನಭ’ದಿಂದ ಹೋದದ್ದಾ?

“ರಷ್ಯನ್ನರು ಆಕಾಶಕ್ಕೆ ನೆಬೊ ಅನ್ನುತ್ತಾರೆ. ಅದು ಸಂಸ್ಕೃತದ ನಭದಿಂದ ಬಂದದ್ದು. ಅವರ ಮೋಡದ ಹೆಸರುಗಳೂ ಇಲ್ಲಿಂದಲೇ ಹೋದವು.” ಇಂಥ ಮಾತು ಫಾರ್ವರ್ಡ್ ಆಗುತ್ತಿರುತ್ತದೆ.

ಇದರಲ್ಲಿ ಅರ್ಧ ನಿಜ ಇದೆ. ಆ ಅರ್ಧ ತುಂಬಾ ಚೆನ್ನಾಗಿದೆ. ನೆಬೊ, ನಭಸ್ ಎರಡೂ ಒಂದೇ ಮನೆತನದ ಪದಗಳು. ಆದರೆ ತಾಯಿ-ಮಗಳಲ್ಲ, ಅಕ್ಕ-ತಂಗಿ. ಗ್ರೀಕ್‌ನಲ್ಲಿ ಮೋಡಕ್ಕೆ ನೆಫೊಸ್, ಲ್ಯಾಟಿನ್‌ನಲ್ಲಿ ಮಂಜಿಗೆ ನೆಬುಲ, ಈಗಿನ ಟರ್ಕಿಯಲ್ಲಿ ಹಿಂದೆ ಇದ್ದ ಹಿಟ್ಟೈಟ್ ಭಾಷೆಯಲ್ಲಿ ಆಕಾಶಕ್ಕೆ ನೇಪಿಸ್. ಎಲ್ಲದರಲ್ಲೂ ಮೊದಲು ‘ನೆ’ ಇದೆ, ಅಲ್ವಾ? ಈ ಭಾಷೆಗಳೆಲ್ಲ ಹುಟ್ಟಿದ ಹಳೆಯ ಮೂಲಭಾಷೆಯ ಆ ‘ಎ’ ಸಂಸ್ಕೃತದಲ್ಲಿ ‘ಅ’ ಆಯಿತು. ರಷ್ಯನ್, ಚೆಕ್, ಪೋಲಿಷ್ ಮೊದಲಾದವು ಸೇರಿದ ಸ್ಲಾವಿಕ್ ಭಾಷಾಕುಟುಂಬ ಅದನ್ನು ಹಾಗೇ ಉಳಿಸಿಕೊಂಡಿತು. ಸಂಸ್ಕೃತದಿಂದ ಪಡೆದಿದ್ದರೆ ‘ನಬೊ’ ಆಗಬೇಕಿತ್ತು. ನೆಬೊದ ಬಹುವಚನ ‘ನೆಬೆಸಾ’. ನಭಸ್‌ನ ಕೊನೆಯ ‘ಸ್’ ಅಲ್ಲಿ ಇಣುಕುತ್ತದೆ. ನನಗೆ ಇದು ಬಹಳ ಇಷ್ಟ.

ಇನ್ನು ಮೋಡದ ಹೆಸರುಗಳು. ರಷ್ಯನ್ ‘ಓಬ್ಲಕ’ ಸ್ಲಾವಿಕ್ ಒಳಗೇ ಹುಟ್ಟಿದ್ದು. ‘ಸುತ್ತ ಹೊದಿಸಿದ್ದು’ ಎಂಬ ಅರ್ಥ. ಚೆಕ್‌ನ ‘ಮ್ರಾಕ್’ ಕತ್ತಲೆಯ ಪದ.

ಪೋಲಿಷ್‌ನ ‘ಖ್ಮುರಾ’ ಮಾತ್ರ ಇನ್ನೂ ಬಿಡಿಸದ ಗಂಟು. ಉಕ್ರೇನಿಯನ್‌ನಲ್ಲಿ ಅದು ‘ಖ್ಮಾರಾ’. ಒಂದರ ‘ಉ’, ಇನ್ನೊಂದರ ‘ಆ’ ಒಂದಕ್ಕೊಂದು ಸರಿಯಾಗಿ ಹೊಂದುವುದಿಲ್ಲ. ರಷ್ಯನ್‌ನಲ್ಲಿ ಮುಖ ಗಂಟಿಕ್ಕಿದವನಿಗೆ ‘ಖ್ಮೂರಿಯ್’ ಅನ್ನುತ್ತಾರೆ, ಮೋಡ ಮುಸುಕಿದ ದಿನಕ್ಕೂ ಅದೇ. ಇವು ನಂಟರಿರಬಹುದು. ಆದರೆ ಮೊದಲಿನ ‘ಖ್’ ಎಲ್ಲಿಂದ ಬಂತು ಅನ್ನುವುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ನಿಘಂಟುಗಳೂ ‘ಮೂಲ ಖಚಿತವಿಲ್ಲ’ ಎಂದೇ ಬರೆಯುತ್ತವೆ.