ಪಾರ್ಶ್ವವಾಯು ನಗರವಾಸಿಗಳ ಕಾಯಿಲೆಯೇ? ಒಂದು ಸ್ಪಷ್ಟನೆ

‘ಪಾರ್ಶ್ವವಾಯು ಸಿರಿವಂತ ದೇಶಗಳ ನಗರವಾಸಿಗಳಿಗೆ ಬರುವ ಕಾಯಿಲೆ; ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಇಂಥ ರೋಗಿಗಳು ಕಾಣಸಿಗುವುದೇ ಅಪರೂಪ’ ಎಂಬ ಸಂದೇಶವೊಂದು ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಜಗತ್ತಿನಲ್ಲಿ ಪಾರ್ಶ್ವವಾಯುವಿನಿಂದ ಸಂಭವಿಸುವ ಸಾವುಗಳ ಪೈಕಿ ಶೇ 80ಕ್ಕಿಂತ ಹೆಚ್ಚಿನವು ಕಡಿಮೆ ಹಾಗೂ ಮಧ್ಯಮ ಆದಾಯದ ದೇಶಗಳಲ್ಲೇ ಆಗುತ್ತಿವೆ. ಅಮೆರಿಕದೊಳಗೂ ಆಗ್ನೇಯ ರಾಜ್ಯಗಳಲ್ಲಿ ಈ ಸಾವುಗಳ ಪ್ರಮಾಣ ಹೆಚ್ಚೆಂಬುದು 1960ರ ದಶಕದಿಂದಲೇ ತಿಳಿದಿದ್ದು, ಆ ಪ್ರದೇಶಕ್ಕೆ ‘ಸ್ಟ್ರೋಕ್ ಬೆಲ್ಟ್’ (ಪಾರ್ಶ್ವವಾಯು ಪಟ್ಟಿ) ಎಂಬ ಹೆಸರೇ ಬಿದ್ದಿದೆ.

ಸಂದೇಶದ ಎರಡನೇ ಮಾತು ಇನ್ನಷ್ಟು ದಾರಿ ತಪ್ಪಿಸುವಂಥದ್ದು. ಮೆದುಳಿನ ಸ್ಕ್ಯಾನ್ ಯಂತ್ರವೇ ಇಲ್ಲದೆ ರೋಗಿಗಳನ್ನು ಬೇರೆಡೆಗೆ ಕಳಿಸುವ ಆಸ್ಪತ್ರೆಯ ದಾಖಲೆಯಲ್ಲಿ ಈ ಕಾಯಿಲೆ ಕಡಿಮೆ ಕಂಡರೆ ಅದರಲ್ಲಿ ಅಚ್ಚರಿಯೇನಿದೆ? ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆದಾಗ, ಆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ, ಅದೂ ಮೆದುಳಿನಲ್ಲಿ ರಕ್ತಸ್ರಾವವಾಗಿಲ್ಲವೆಂದು ಸ್ಕ್ಯಾನ್‌ನಿಂದ ಖಚಿತಪಡಿಸಿಕೊಂಡ ಮೇಲೆಯೇ ಕೊಡಬೇಕಾಗುತ್ತದೆ. ಬೆಳಿಗ್ಗೆ 6 ಗಂಟೆಗೆ ಬಾಯಿ ಸೊಟ್ಟಗಾಗಿ, ಕೈಯಲ್ಲಿದ್ದ ಲೋಟ ಜಾರಿಬಿದ್ದ ವ್ಯಕ್ತಿಯೊಬ್ಬರು ಮೊದಲು ಹತ್ತಿರದ ಸಣ್ಣ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಮುಂದಕ್ಕೆ ಆಂಬುಲೆನ್ಸ್‌ಗಾಗಿ ಕಾದು, ಸೌಲಭ್ಯವಿರುವ ಕಡೆ ತಲುಪುವಷ್ಟರಲ್ಲಿ ಹತ್ತೂವರೆ ದಾಟಿದ್ದರೆ, ಆ ಔಷಧದ ಅವಕಾಶ ಬಹುಮಟ್ಟಿಗೆ ಕೈತಪ್ಪಿರುತ್ತದೆ. ಆಯ್ದ ಕೆಲವರಿಗೆ 24 ಗಂಟೆಯವರೆಗೂ ರಕ್ತನಾಳದ ಮೂಲಕ ಹೆಪ್ಪನ್ನು ಹೊರತೆಗೆಯಬಹುದಾದರೂ, ಅದನ್ನು ಮಾಡಬಲ್ಲ ಕೇಂದ್ರಗಳು ಬಹುತೇಕ ದೊಡ್ಡ ನಗರಗಳಲ್ಲೇ ಇವೆ.